ರೇಣುಕಕ್ಕನ ಎರಡನೇ ದಾರಿ

ರೇಣುಕಕ್ಕ ಮಾತಾಡುತ್ತಾ ಮಾತಾಡುತ್ತಾ ತಟ್ಟನೆ ನಾವು ನೀರಿಗಿಳಿಯಲು ಕಟ್ಟಿಕೊಂಡ ಯಂತ್ರದ ಉಸಿರಿನ ಕೊಳವೆಯನ್ನು ಮುಷ್ಟಿಯಲ್ಲಿ ಹಿಚುಕಿ ಹಿಡಿದುಬಿಡುತ್ತಿದ್ದರು. "ಈಗ?" ಎನ್ನುತ್ತಿದ್ದರು, ಅಷ್ಟೇ. ನಾವು ಕೈಕಾಲು ಬಡಿದರೆ ಕೊಳವೆ ಬಿಟ್ಟು, "ಹೋದಿ ನೀನು. ಮನ್ಯಾಗೆ ಫೋಟೋಕ್ಕೆ ಹಾರ ಹಾಕ್ತಾರೆ" ಎಂದು ಪಕ್ಕದವನ ಕಡೆ ತಿರುಗುತ್ತಿದ್ದರು. ಕೈ ತಾನಾಗಿಯೇ ಕುತ್ತಿಗೆಯ ಹತ್ತಿರ ಹೋಗಿ ಅಲ್ಲಿ ತೂಗುವ ಇನ್ನೊಂದು ಬಾಯಿಕೊಳವೆಯನ್ನು ಹಿಡಿದರೆ ಮಾತ್ರ "ಹೂಂ" ಎಂದೊಂದು ಸದ್ದು ಬರುತ್ತಿತ್ತು. ಆ ಒಂದು ಹೂಂಗಾಗಿ ನಾವು ವಾರಗಟ್ಟಲೆ ಬೈಸಿಕೊಂಡಿದ್ದೇವೆ.

ಹೊನ್ನಾಳಿಯಲ್ಲಿ ಹೊಳೆಗೆ ದೋಣಿ ಹಾಕುವ ಮನೆಯ ಮಗಳು ಅವರು. ಕರಾವಳಿಗೆ ಹೋಗಿ ಮುಳುಗುವ ವಿದ್ಯೆ ಕಲಿತು, ಸಮುದ್ರದಲ್ಲಿ ಹಡಗುಗಳ ತಳ ನೋಡುವ ಕೆಲಸ ಮಾಡಿ, ಊರ ಕಡೆಗೆ ಮರಳಿದ್ದರು. ಜಲಾಶಯಗಳ ಗೋಡೆಯ ಬುಡಕ್ಕೆ, ನೀರು ತುಂಬಿದ ಸುರಂಗಗಳ ಒಳಗೆ ಹೋಗಿ ಬಿರುಕುಗಳ ಚಿತ್ರ ತೆಗೆಯುವ ಖಾಸಗಿ ಕಂಪನಿಯೊಂದು ಅವರನ್ನು ತರಬೇತಿ ಕೊಡಲು ಇಟ್ಟುಕೊಂಡಿತ್ತು. ನಮ್ಮ ಜಗಳೂರಿನ ಆಚೆ, ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿಯೊಂದರಲ್ಲಿ ಆಳವಾದ ನೀರು ನಿಂತಿತ್ತು. ಅದೇ ನಮ್ಮ ಪಾಠಶಾಲೆ. ಬಾವಿಯಲ್ಲಿ ಈಜು ಕಲಿತ ನಾನು, ಚನ್ನಗಿರಿ ಕಡೆಯ ನಲ್ಲೂರಿನ ಮಂಜುನಾಥ, ಇನ್ನೂ ಕೆಲವರು ಅಲ್ಲಿಗೆ ಸೇರಿದೆವು.

ಸುರಂಗದಲ್ಲಿ ಮಾಮೂಲಿ ಸಿಲಿಂಡರ್ ಹಾಕಿಕೊಂಡು ಉಸಿರು ಬಿಟ್ಟರೆ ಗುಳ್ಳೆಗಳು ಚಾವಣಿಗೆ ಬಡಿದು ಹೂಳು ಉದುರುತ್ತದೆ, ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ಅದಕ್ಕೇ ರಿಬ್ರೀದರ್: ನಾವು ಬಿಟ್ಟ ಉಸಿರನ್ನೇ ತೊಳೆದು, ಆಮ್ಲಜನಕ ಸೇರಿಸಿ ಮತ್ತೆ ನಮಗೇ ಕೊಡುವ ಯಂತ್ರ. ನೀರಿನ ಮೇಲಿರುವವರ ಜೊತೆ ಮಾತಾಡಬೇಕಲ್ಲ, ಹಾಗಾಗಿ ಮುಖಪೂರ್ತಿ ಮುಚ್ಚುವ ಮಾಸ್ಕ್. ಯಂತ್ರ ಕೈಕೊಟ್ಟರೆ ಉಸಿರಾಡಿಕೊಂಡು ಹೊರಗೆ ಬರಲು ಪಕ್ಕದಲ್ಲಿ ಬೇರೆಯದೇ ಒಂದು ಸಿಲಿಂಡರ್. ಅದಕ್ಕೆ ಬೇಲ್‌ಔಟ್ ಎನ್ನುತ್ತಾರೆ. ರೇಣುಕಕ್ಕ ಅದನ್ನು "ಜೀವದ ಗಾಳಿ" ಎನ್ನುತ್ತಿದ್ದರು.

"ಗಾಳಿ ಐತೇನು ಅಂತ ಕೇಳಲಿಲ್ಲ ನಾನು. ನಿನ್ನ ಬಾಯಿಗೆ ಹೆಂಗೆ ಬರ್ತೈತೆ ಅಂತ ಕೇಳ್ದೆ," ಎಂದು ಮೊದಲ ದಿನವೇ ಮಂಜನನ್ನು ಹಿಡಿದುಕೊಂಡರು. "ಬಾಯಾಗಿಂದು ಉಗುಳಿ ಇನ್ನೊಂದು ಕಚ್ಚಿಕೊಳ್ಳಾಕೆ ಬಾಯಿ ಎಲ್ಲೈತೆ? ಮುಖಾನೇ ಮುಚ್ಚೈತಲ್ಲ!"

ಅವರ ಲೆಕ್ಕದಲ್ಲಿ ಜೀವದ ಗಾಳಿಗೆ ಎರಡು ದಾರಿ ಇರಲೇಬೇಕು. ಒಂದು, ಮಾಸ್ಕಿಗೇ ಜೋಡಿಸಿದ್ದು. ಯಂತ್ರ ಕೆಟ್ಟರೆ ಗುಂಡಿ ತಿರುಗಿಸಿದರೆ ಸಾಕು, ಮಾಸ್ಕ್ ತೆಗೆಯಬೇಕಿಲ್ಲ. ಇನ್ನೊಂದು, ಮಾಸ್ಕಿನ ಹಂಗೇ ಇಲ್ಲದೆ ಕುತ್ತಿಗೆಯಲ್ಲಿ ರಬ್ಬರ್ ದಾರಕ್ಕೆ ತೂಗುವ ಬಾಯಿಕೊಳವೆ, ಜೇಬಿನಲ್ಲಿ ಕಣ್ಣಿಗೊಂದು ಚಿಕ್ಕ ಮಾಸ್ಕ್. ಸಿಲಿಂಡರಿನಲ್ಲಿ ತುಂಬಿದ್ದು ಆ ಆಳಕ್ಕೆ ಒಗ್ಗುವ ಗಾಳಿಯ ಮಿಶ್ರಣವೇ ಆಗಿರಬೇಕು. ಸುರಂಗದ ತುತ್ತತುದಿಯಿಂದ, ಅದೂ ಗಾಬರಿಯ ಉಸಿರಿನಲ್ಲಿ, ಹೊರಗೆ ಬರುವಷ್ಟಿರಬೇಕು. "ಗಾಬರಿಯಾದವ ಎಮ್ಮೆ ನೀರು ಕುಡಿದಂಗೆ ಗಾಳಿ ಕುಡಿತಾನೆ. ಸಮಾಧಾನದ ಲೆಕ್ಕ ಹಾಕಬ್ಯಾಡ್ರಿ."

ಮುಳುಗುವ ಮೊದಲು ರೇಣುಕಕ್ಕ ಏನೂ ತಿನ್ನುತ್ತಿರಲಿಲ್ಲ. ಮೇಲೆ ಬಂದ ಮೇಲೆ, ಹಣೆಯಲ್ಲಿ ಮಾಸ್ಕಿನ ಕೆಂಪು ಗುರುತು ಮಾಸುವ ಮೊದಲೇ, ಮಂಡಕ್ಕಿ ಮೆಣಸಿನಕಾಯಿ ಬೇಕು. ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡೇ ಬೈಯುತ್ತಿದ್ದರು. ಮಂಜ ಅವರ ಹಾಗೆ ಗಂಟುಮುಖ ಹಾಕಿ ಅಣಕಿಸಿದರೆ ಮಾತ್ರ ತಡೆಯಲಾರದೆ ನಗುತ್ತಿದ್ದರು.

ಜಲಾಶಯವೊಂದರ ಸುರಂಗದಲ್ಲಿ ನಾನೂ ಅವರೂ ಒಟ್ಟಿಗೆ ಹೋಗಿದ್ದೆವು. ಗೋಡೆಯಿಂದ ಚಾಚಿಕೊಂಡಿದ್ದ ಕಬ್ಬಿಣದ ಸರಳು ನನ್ನ ಮಾಸ್ಕಿನ ಗಾಜಿಗೆ ಬಡಿಯಿತು. ನೀರು ನುಗ್ಗಿತು. ಗುಂಡಿ ತಿರುಗಿಸಿದೆ, ಬಂದ ಗಾಳಿಯೆಲ್ಲ ಒಡಕಿನಿಂದ ಹೊರಟುಹೋಯಿತು. ಮುಂದಿನದನ್ನು ನಾನು ಯೋಚಿಸಿ ಮಾಡಲಿಲ್ಲ. ಮಾಸ್ಕ್ ಕಳಚಿ ಕುತ್ತಿಗೆಯ ಕೊಳವೆಯನ್ನು ಬಾಯಿಗಿಟ್ಟು ಉಸಿರೆಳೆದೆ. ಏನೂ ಕಾಣದ ಆ ನೀರಿನಲ್ಲಿ ನನ್ನ ತೋಳಿಗೆ ಒಂದು ಕೈ ಬಿತ್ತು. ಸುರಂಗದಿಂದ ಹೊರಗೆ ಬರುವ ತನಕ ಅದು ನನ್ನನ್ನು ಬಿಡಲಿಲ್ಲ.

ದಡದಲ್ಲಿ ನಾನು ಕೂತಾಗ ರೇಣುಕಕ್ಕ ಬೆನ್ನು ತಟ್ಟಲಿಲ್ಲ. "ಚಿಕ್ಕ ಮಾಸ್ಕ್ ಯಾಕೆ ಹಾಕ್ಕಳಲಿಲ್ಲ? ಜೇಬು ಅಲಂಕಾರಕ್ಕೈತಾ?" ಎಂದರು. ಆಮೇಲೆ ಆ ಕಡೆ ತಿರುಗಿ ಬಹಳ ಹೊತ್ತು ಮುಖ ತೊಳೆದುಕೊಂಡರು.

ಇಷ್ಟೆಲ್ಲ ನಡೆದ ಮೇಲೂ, ಹೊಸದಾಗಿ ಬಂದ ಸೈಟ್ ಮ್ಯಾನೇಜರ್ ಕುತ್ತಿಗೆಯ ಕೊಳವೆ ತೆಗೆಯಿರಿ ಎಂದ. ಕ್ಯಾಮೆರಾಕ್ಕೆ ಅಡ್ಡ ಬರುತ್ತದೆ, ಸಿಕ್ಕಿಹಾಕಿಕೊಳ್ಳುತ್ತದೆ, ಮಾಸ್ಕಿಗೇ ಬೇಲ್‌ಔಟ್ ಇದೆಯಲ್ಲ ಎಂಬುದು ಅವನ ವಾದ.

"ಮಾಸ್ಕೇ ಒಡೆದ್ರೆ?" ಎಂದರು ರೇಣುಕಕ್ಕ.

"ಯಾವಾಗಲೋ ಒಮ್ಮೆ ಒಡೆಯುತ್ತೆ ಮೇಡಂ. ನೀವು ಹುಡುಗರಿಗೆ ಬರೀ ಭಯ ಹುಟ್ಟಿಸ್ತೀರಿ."

"ಆ ಒಮ್ಮೆ ನೀವು ಒಳಗಿರ್ತೀರೇನ್ರಿ? ಕೊಳವೆ ಅಡ್ಡ ಬಂದ್ರೆ ಜಾಗ ಬದಲು ಮಾಡಾಕೆ ಬರ್ತೈತೆ, ನಾನೇ ಮಾಡಿ ಕೊಡ್ತೀನಿ. ತೆಗೆದು ಮಾತ್ರ ನನ್ನ ಹುಡುಗ್ರನ್ನ ಇಳಿಸಲ್ಲ."

ಆ ವಾರವೇ ಅವರನ್ನು ಕೆಲಸದಿಂದ ತೆಗೆದರು. ಹೆಂಗಸು, ಅಂಜುಬುರುಕಿ, ಕೆಲಸ ನಿಧಾನ ಮಾಡ್ತಾಳೆ ಎಂದು ಆಫೀಸಿನಲ್ಲಿ ಆಡಿಕೊಂಡರಂತೆ. ಮುಂಗಾರಿನ ಹೊಳೆಯಲ್ಲಿ ದೋಣಿ ದಾಟಿಸಿದ ಮನೆಯ ಹೆಣ್ಣುಮಗಳು ಅಂಜುಬುರುಕಿ! ನೀರಿಗೆ ಪಾದ ತಾಗಿಸದವನು ಧೈರ್ಯವಂತ! ನಾನು ಅವರ ಹಿಂದೆಯೇ ಕೆಲಸ ಬಿಟ್ಟು ಬಂದೆ. ಮಂಜ ಉಳಿದ. ತಂಗಿಯ ಮದುವೆ ಗೊತ್ತಾಗಿತ್ತು. "ಅದು ಮುಗೀಲಿ, ಬಂದುಬಿಡ್ತೀನಿ ಅಕ್ಕಾ," ಎಂದಿದ್ದ.

ಮದುವೆಗೆ ಮೊದಲೇ ಸುದ್ದಿ ಬಂತು. ಸುರಂಗದೊಳಗೆ ಅವನ ಮಾಸ್ಕ್ ಒಡೆದು ನೀರು ತುಂಬಿತ್ತು. ಮೇಲೆ ತಂದಾಗ ಪಕ್ಕದ ಸಿಲಿಂಡರ್ ಇನ್ನೂ ಮುಕ್ಕಾಲು ತುಂಬಿತ್ತಂತೆ. ಗಾಳಿ ಇತ್ತು. ಅದು ಬಾಯಿಗೆ ಬರುವ ದಾರಿ ಇರಲಿಲ್ಲ. ಇದನ್ನು ಬರೆಯುವಾಗ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನಲ್ಲೂರಿನ ಅವನ ಮನೆ ಮುಂದೆ ಶಾಮಿಯಾನದ ಕೆಳಗೆ ಮ್ಯಾನೇಜರ್ ಕೈಮುಗಿದುಕೊಂಡು, "ವಿಧಿ, ಯಾರೇನು ಮಾಡೋಕಾಗುತ್ತೆ," ಎನ್ನುತ್ತಿದ್ದ. ರೇಣುಕಕ್ಕ ಎದ್ದು ನಿಂತರು.

"ವಿಧಿ ಅನ್ನಬ್ಯಾಡ್ರಿ. ಆ ಕೊಳವೆ ದೇವರು ಬಿಚ್ಚಲಿಲ್ಲ. ಯಾರು ಬಿಚ್ಚಿಸಿದ್ದು ಅಂತ ಈ ತಾಯಿ ಮುಂದೆ ಹೇಳ್ರಿ."

ಮಂಜನ ತಾಯಿ ಅಕ್ಕನ ಸೆರಗು ಹಿಡಿದು ಕೇಳಿದರು: "ಅದು ಇದ್ದಿದ್ರೆ ನನ್ನ ಮಗ ಬರ್ತಿದ್ನೇನವ್ವಾ?"

ಯಾರಾದರೂ ಹೂಂ ಎಂದುಬಿಡುತ್ತಿದ್ದರು. ರೇಣುಕಕ್ಕ ಅವರ ಪಕ್ಕ ನೆಲದ ಮೇಲೆ ಕೂತರು. "ಬರ್ತಿದ್ದ ಅಂತ ಆಣೆ ಮಾಡಾಕಾಗಲ್ಲ ತಾಯಿ. ಬರಾಕೆ ಒಂದು ದಾರಿ ಇರ್ತಿತ್ತು. ಅದನ್ನ ಇವರು ಕಸ್ಕಂಡ್ರು."

ಮಂಜನ ಮನೆಯವರು ದೂರು ಕೊಟ್ಟರು. ರೇಣುಕಕ್ಕ ಠಾಣೆಗೆ, ಕೋರ್ಟಿಗೆ ಅವರ ಜೊತೆ ಅಲೆದರು. ಕಂಪನಿ ಸದ್ದಿಲ್ಲದೆ ಎಲ್ಲರಿಗೂ ಕುತ್ತಿಗೆಯ ಕೊಳವೆ ವಾಪಸ್ ಕೊಟ್ಟಿತು. ಅದೇ ಮ್ಯಾನೇಜರ್ ಹೊಸಬರಿಗೆ "ಎರಡು ದಾರಿ ಇರಬೇಕು" ಎಂದು ಪಾಠ ಹೇಳುತ್ತಾನೆಂದು ತಿಳಿಸಲು ನಾನು ಹಲ್ಲು ಕಡಿಯುತ್ತಾ ನ್ಯಾಮತಿಗೆ ಹೋಗಿದ್ದೆ. ಅಕ್ಕ ಆಗ ತಂಗಿಯ ಮನೆಯಲ್ಲಿದ್ದರು.

"ಹೇಳ್ಲಿ ಬಿಡು. ಹುಡುಗ್ರು ಬದುಕ್ತಾರೆ," ಎಂದರು. ನಂತರ ದನಿ ಏರಿತು: "ಆದ್ರೆ ಮಂಜನ ಹೆಸರು ಹೇಳಿ ಹೇಳ್ತಾನೇನು, ಅದನ್ನ ಕೇಳ್ಕಂಡು ಬಾ."

ನಾನು ಕೇಳಿಕೊಂಡು ಬರುವಷ್ಟರಲ್ಲಿ ಅವರೇ ಇರಲಿಲ್ಲ. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಹೃದಯ ನಿಂತಿತ್ತು ಎಂದರು ಡಾಕ್ಟರು.

ಸಾಕ್ಷಿ ಹೇಳಲು ನಾನು ಹೋದೆ. ಎರಡನೇ ಕೊಳವೆ ಯಾಕೆ ಬೇಕು, ಅದು ಇಲ್ಲದಿದ್ದರೆ ಏನಾಗುತ್ತದೆ, ನನ್ನ ಮಾಸ್ಕ್ ಒಡೆದಾಗ ಏನಾಯಿತು, ಎಲ್ಲವನ್ನೂ ಬಿಡಿಸಿ ಹೇಳಿದೆ. ಕಂಪನಿಯ ವಕೀಲರು ನಗುತ್ತಾ, "ಇಷ್ಟೆಲ್ಲ ನಿಮಗೆ ಹೇಳಿಕೊಟ್ಟವರು ಯಾರು?" ಎಂದರು.

"ಹೊನ್ನಾಳಿಯ ರೇಣುಕಕ್ಕ," ಎಂದೆ.

ನ್ಯಾಯಾಧೀಶರು ತಲೆ ಎತ್ತಿ ನಮ್ಮ ಕಡೆಯ ಬೆಂಚು ನೋಡಿದರು. "ಅವರು ಬಂದಿದ್ದಾರಾ?"

ಬೆಂಚಿನಲ್ಲಿ ಮಂಜನ ತಾಯಿ ಒಬ್ಬರೇ ಕೂತಿದ್ದರು.