ರೇಣುಕಾಳ ಅವ್ವ ನ್ಯಾಚುರಲ್ ಇಲ್ಲವಂತೆ!

"ಟೀಚರ್, ನಮ್ಮವ್ವ ಫೇಲ್ ಆದ್ಲೇನ್ರಿ?"

ಕಳೆದ ವಾರ ಕಂಪ್ಯೂಟರ್ ರೂಮಿನಲ್ಲಿ ನನ್ನ ಏಳನೇ ಕ್ಲಾಸಿನ ರೇಣುಕಾ ಹೀಗೆ ಕೇಳಿದಳು. ಏನಂತ ಉತ್ತರ ಕೊಡಲಿ, ನೀವೇ ಹೇಳಿ.

ಹಳೇ ಹುಬ್ಬಳ್ಳಿಯ ನಮ್ಮ ಶಾಲೆಯ ಗೋಳು ನಿಮಗೆ ಹೊಸದಲ್ಲ. ಈ ವರ್ಷ ಮೇಲಿನವರಿಗೆ ಹೊಸ ಹುಕಿ ಬಂದಿದೆ. ಆನ್‌ಲೈನ್ ಫೋಟೋ ಆಲ್ಬಂ! ನಮ್ಮ ಮಕ್ಕಳು ಮತ್ತು ಬೆಂಗಳೂರಿನ ಒಂದು ದೊಡ್ಡ ಶಾಲೆಯ ಮಕ್ಕಳು ಇಂಟರ್‌ನೆಟ್ಟಿನಲ್ಲಿ ಒಂದೇ ಆಲ್ಬಂಗೆ ಫೋಟೋ ಹಾಕಬೇಕು, ಒಬ್ಬರ ಬದುಕನ್ನು ಇನ್ನೊಬ್ಬರು ನೋಡಿ ಕಲಿಯಬೇಕು. (ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟ್ ಇಲ್ಲ. ಆ ಮಾತು ಬಿಡಿ.) ಮೊದಲ ವಿಷಯ, 'ನನ್ನ ತಾಯಿ'.

ನಮ್ಮ ಮಕ್ಕಳ ಮನೆಯಲ್ಲಿ ಕ್ಯಾಮೆರಾ ಎಲ್ಲಿಂದ ಬರಬೇಕು? ಎಲ್ಲರೂ ಸ್ಟುಡಿಯೋ ಫೋಟೋ ತಂದರು. ರೇಣುಕಾಳ ಅವ್ವ ಖಾನಾವಳಿಗೆ ರೊಟ್ಟಿ ಬಡಿದು ಕೊಡುವಾಕೆ. ಫೋಟೋದಲ್ಲಿ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಪೌಡರ್ ಹಚ್ಚಿಕೊಂಡು ಕೂತಿದ್ದಾಳೆ. ಹಿಂದಿನ ಪರದೆಯಲ್ಲಿ ಜಲಪಾತ. ಕೈಯಲ್ಲಿ ಸ್ಟುಡಿಯೋದವರ ಸುಳ್ಳು ಟೆಲಿಫೋನ್! ಸೈಬರ್ ಕೆಫೆಗೆ ಹೋಗಿ ಸ್ಕ್ಯಾನ್ ಮಾಡಿಸಿ ಹಾಕಿದೆ.

ಆಲ್ಬಂ ನೋಡಿಕೊಳ್ಳುವ ಬೆಂಗಳೂರಿನ ಶಾಲೆಯ ಮೇಡಂ ಅದನ್ನು ತೆಗೆದುಹಾಕಿದರು. "ಇದು ನ್ಯಾಚುರಲ್ ಆಗಿಲ್ಲ. ಅಡುಗೆ ಮಾಡುವ, ಪಾತ್ರೆ ತೊಳೆಯುವ ರಿಯಲ್ ಫೋಟೋ ಕಳಿಸಿ" ಅಂತ ಬರೆದರು. ರೇಣುಕಾ ಓದಿದ್ದು ಅದನ್ನೇ. ಅವತ್ತಿನಿಂದ ಹುಡುಗಿ ಕಂಪ್ಯೂಟರ್ ರೂಮಿನೊಳಗೆ ಕಾಲಿಡಲಿಲ್ಲ.

"ಹೋಗಿ ಒಂದು ಫೋಟೋ ಹೊಡಕೊಂಡ್ ಬಂದ್ಬಿಡ್ರಿ. ನಿಮ್ಮ ಗಂಟೇನು ಹೋಗತದ?" ಅಂದರು ಹೆಡ್‌ಮಾಸ್ತರು. ಅವರ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ರೇಣುಕಾಳ ಮನೆಗೆ ಹೋದೆ. ಸಾಕಾಗಿತ್ತು, ಒಮ್ಮೆ ಮುಗಿದರೆ ಸಾಕು ಅನ್ನಿಸಿತ್ತು.

ಅವಳ ಅವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕ್ಯಾಮೆರಾ ಕಂಡದ್ದೇ ತಡ, ಮುಖ ಆಚೆ ತಿರುಗಿಸಿದಳು.

"ಬ್ಯಾಡ್ರಿ ಅಕ್ಕಾರ. ಹೊಗಿಯಾಗ, ಹಿಟ್ಟಿನ ಕೈಲೆ ಯಾರರ ಫೋಟೋ ತಗಸ್ಕೋತಾರೇನ್ರಿ?"

"ಬೆಂಗಳೂರಿನವರಿಗೆ ಖರೇ ಜೀವನ ನೋಡಬೇಕಂತವ್ವಾ."

"ಆ ಫೋಟೋದಾಗ ಕುಂತಾಕಿ ಸುಳ್ಳೇನ್ರಿ? ಆಕಿನೂ ನಾನ. ನಾಳೆ ನಾ ಸತ್ತರ ಗ್ವಾಡಿಗೆ ಹಾಕೂದು ಅದನ್ನ, ಇದನ್ನಲ್ಲ."

ಬಾಗಿಲಲ್ಲಿ ನಿಂತಿದ್ದ ರೇಣುಕಾ ನೆಲ ನೋಡುತ್ತಿದ್ದಳು. ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದು, ಒಂದೂ ಫೋಟೋ ಹೊಡೆಯದೇ ವಾಪಸ್ ಬಂದೆ. ಹೆಡ್‌ಮಾಸ್ತರ ಹತ್ತಿರ ಬೈಸಿಕೊಂಡೆ.

ನಿನ್ನೆ ಪುಣ್ಯಕ್ಕೆ ನೆಟ್ ಬಂತು. ಆಲ್ಬಂನಲ್ಲಿ ಬೆಂಗಳೂರಿನ ಮಕ್ಕಳು ಹಾಕಿದ 'ನನ್ನ ತಾಯಿ' ಫೋಟೋಗಳನ್ನು ತೆರೆದೆ. ರೇಣುಕಾಳನ್ನು ಕೈಹಿಡಿದು ಎಳೆತಂದು ಮುಂದೆ ಕೂರಿಸಿದೆ. ಒಬ್ಬ ತಾಯಿ ಮದುವೆ ಹಾಲ್‌ನಲ್ಲಿ ರೇಷ್ಮೆ ಸೀರೆಯಲ್ಲಿ. ಒಬ್ಬರು ಕೇಕ್ ಮುಂದೆ, ತುಟಿಗೆ ಬಣ್ಣ. ಇನ್ನೊಬ್ಬರು ಕಾರಿಗೆ ಒರಗಿ, ಕೂಲಿಂಗ್ ಗ್ಲಾಸ್ ಹಾಕಿಕೊಂಡು. ರೇಣುಕಾ ಕೊನೆಯ ಫೋಟೋವರೆಗೂ ಕಣ್ಣು ಕೀಳದೆ ನೋಡಿದಳು. ಆಮೇಲೆ ಕೇಳಿದಳು:

"ಟೀಚರ್, ಇವರವ್ವಗೋಳು ಪಾತ್ರಿ ತಿಕ್ಕೂ ಫೋಟೋ ಎಲ್ಲೈತ್ರಿ?"

ಅವಳ ಅವ್ವನ ಅದೇ ಫೋಟೋ, ಅದೇ ಜಲಪಾತ, ಅದೇ ಟೆಲಿಫೋನ್ ಮತ್ತೆ ಹಾಕಿದೆ. ಕೆಳಗೆ ಅವಳ ಪ್ರಶ್ನೆಯನ್ನು ಅವಳ ಕೈಯಿಂದಲೇ ಟೈಪ್ ಮಾಡಿಸಿದೆ.

ಉತ್ತರ ಇನ್ನೂ ಬಂದಿಲ್ಲ. ಬೆಂಗಳೂರಿನಲ್ಲೂ ಕರೆಂಟ್ ಹೋಗಿರಬೇಕು!