ಡಾಕ್ಟರಿಗೆ ಕೂದಲು ಕಟ್ಟಿದ ಗಂಟಕ್ಕ

ಗಂಟಕ್ಕನ ಮುತ್ತಜ್ಜ ಕ್ಷೌರಿಕ. ಊರೂರು ಸುತ್ತುವ ನಾಟಕದ ಕಂಪನಿಯ ಬೆನ್ನು ಹತ್ತಿ ಹೋಗಿ, ಕೂದಲು ಕತ್ತರಿಸುವುದನ್ನು ಬಿಟ್ಟು ಟೋಪನ್ ಎಂಬ ಸುಳ್ಳುಕೂದಲು ಕಟ್ಟುವುದನ್ನು ಕಲಿತ. ಒಮ್ಮೆ ರಾಜನ ಟೋಪನ್ನಿಗೆ ದೀಪದ ಕಿಡಿ ತಗುಲಿ ಅರ್ಧ ಸುಟ್ಟುಹೋಯಿತು. ಪರದೆ ಬಿದ್ದು ಏಳುವುದರೊಳಗೆ ಕಂಪನಿಯ ಗಾಡಿಕುದುರೆಯ ಬಾಲದ ಕೂದಲು ಕತ್ತರಿಸಿ ರಾಜನ ತಲೆಗೆ ಹೊಂದಿಸಿದ. ಮುಂದಿನ ಅಂಕದಲ್ಲಿ ರಾಜ ಮೊದಲಿಗಿಂತ ಗಂಭೀರವಾಗಿ ಕಂಡನಂತೆ. ಕುದುರೆ ಮಾತ್ರ ಒಂದು ವರ್ಷ ನೊಣ ಓಡಿಸಲಾರದೆ ಒದ್ದಾಡಿತು.

ಅವನ ಮಗಳು, ಅಂದರೆ ಗಂಟಕ್ಕನ ಅಜ್ಜಿ, ತೆಳ್ಳನೆ ಬಲೆಯ ಮೇಲೆ ಒಂದೊಂದೇ ಎಳೆಯನ್ನು ಗಂಟು ಹಾಕಿ ಕೂರಿಸುವ ಕೆಲಸವನ್ನು ಮನೆಗೆ ತಂದವಳು. ಒಬ್ಬ ನ್ಯಾಯಾಧೀಶ ಆಳನ್ನು ಕಳಿಸಿ, ಅಂದಾಜಿನ ಮೇಲೆ ಒಂದು ಕಟ್ಟಿಕೊಡು ಎಂದನಂತೆ. "ಅವರು ಅಂದಾಜಿನ ಮೇಲೆ ತೀರ್ಪು ಕೊಡ್ತಾರೇನೋ, ನಾನು ಕಟ್ಟಲ್ಲ. ಬಂದು ಕೂತ್ಕೊಳ್ಳೋಕೆ ಹೇಳು" ಎಂದು ಆಳನ್ನು ಹಿಂದಕ್ಕೆ ಕಳಿಸಿದಳು. ನ್ಯಾಯಾಧೀಶ ಬಂದು ಕೂತ.

ಗಂಟಕ್ಕನ ತಾಯಿ ಅಜ್ಜಿಗಿಂತಲೂ ಗಟ್ಟಿ. ಪಕ್ಕದ ಗೋದಾಮಿಗೆ ಬೆಂಕಿ ಬಿದ್ದ ದಿನ ತನ್ನ ಬಟ್ಟೆಬರೆ ಒಳಗೇ ಬಿಟ್ಟು ಗಿರಾಕಿಗಳ ಮರದ ತಲೆಗಳನ್ನು ಸೆರಗಿನಲ್ಲಿ ಕಟ್ಟಿ ಹೊರಗೆ ತಂದಳು. ಪ್ರತಿ ಗಿರಾಕಿಯ ತಲೆಯ ಅಳತೆಗೆ ಕೆತ್ತಿಸಿದ ದಿಮ್ಮಿಗಳು ಅವು. ಕೆಳಗೆ ಅಂಕಿ ಮಾತ್ರ, ಹೆಸರಿಲ್ಲ. ಬಂದುಹೋಗುವವರು ಹಣೆಯ ಆಕಾರ ನೋಡಿ ಯಾರದೆಂದು ಊಹಿಸಬಾರದು ಎಂದು ಅವುಗಳ ಮುಖವನ್ನು ಗೋಡೆಗೆ ತಿರುಗಿಸಿ ಇಡುವ ಪದ್ಧತಿ ತಂದವಳೂ ಅವಳೇ. ಯಾರ ತಲೆ ಎಂಬುದು ಆ ಕೋಣೆಯ ಹೊಸ್ತಿಲು ದಾಟಬಾರದು.

ಇಂಥ ಮೂವರ ಹಿಂದೆ ಹುಟ್ಟಿದವಳು ಗಂಟಕ್ಕ. ಗಂಟು ಹಾಕಿ ಹಾಕಿ ಆ ಹೆಸರು ಬಂತು. ಗಂಟುಮುಖವೂ ಇರುವುದರಿಂದ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ಮದುವೆಯಾಗಲಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ನನ್ನ ಬೀಗದ ಅಂಗಡಿಯ ಪಕ್ಕ, ಕಿಟಕಿಯಿರುವ ಒಂದೇ ಕೋಣೆ. ಜೊತೆಗೆ ತಮ್ಮನ ಮಗಳು. ಅವಳಿಗೂ ಮೂವತ್ತು ದಾಟಿದೆ, ಕೆಲಸ ಕಲಿತಿದ್ದಾಳೆ, ಬಾಯಿ ಅತ್ತೆಗಿಂತ ಒಂದು ಗೇಣು ಉದ್ದ.

ಈಗ ಆ ಡಾಕ್ಟರ ವಿಷಯಕ್ಕೆ ಬರುತ್ತೇನೆ. ಹದಿನೆಂಟು ವರ್ಷ ಟಿವಿ ಧಾರಾವಾಹಿಯಲ್ಲಿ ಡಾಕ್ಟರಾಗಿ ಮೆರೆದ ನಟ. ಅವನು ರೋಗಿಯ ಎದೆಗೆ ಕಿವಿಯಿಟ್ಟು ಬಗ್ಗಿದರೆ ಹಣೆಯ ಮೇಲೆ ಒಂದು ಕುಚ್ಚು ಕೂದಲು ಬೀಳುತ್ತಿತ್ತು. ಆ ಕುಚ್ಚಿಗೆ ಮರುಳಾಗದ ಹೆಂಗಸರಿರಲಿಲ್ಲ. ಅದು ಅವನ ಕೂದಲಲ್ಲ. ಮೂವತ್ತಕ್ಕೇ ಅವನ ನೆತ್ತಿ ತಾಮ್ರದ ತಂಬಿಗೆಯಾಗಿತ್ತು. ಆರು ತಿಂಗಳಿಗೊಮ್ಮೆ ಹಿಂಬಾಗಿಲಿನಿಂದ ಬಂದು ಕೂರುತ್ತಿದ್ದ.

ಆ ಕುಚ್ಚು ಗಂಟಕ್ಕನ ತಪ್ಪಿನಿಂದ ಹುಟ್ಟಿದ್ದು. ಗಂಟು ಎಳೆದ ಕಡೆಗೇ ಕೂದಲು ಬಾಗುತ್ತದೆ. ಮೊದಲ ವಿಗ್ ಕಟ್ಟುವಾಗ ಕಿಟಕಿಯ ಬೆಳಕು ಸಾಲದೆ ದಿಮ್ಮಿಯನ್ನು ತಿರುಗಿಸಿಕೊಂಡಿದ್ದಳು. ತಿರುಗಿಸಿದ್ದು ಮರೆತು ಎಡ ಹಣೆಯ ಮೇಲೆ ಎರಡು ಬೆರಳಗಲ ಉಲ್ಟಾ ಎಳೆದಳು. ಎಷ್ಟು ಬಾಚಿದರೂ ಅದು ಮುಂದಕ್ಕೇ ಬೀಳುತ್ತಿತ್ತು. ಬಿಚ್ಚಿ ಸರಿಮಾಡುತ್ತೇನೆ ಎಂದು ಹೇಳಿ ಕಳಿಸಿದರೆ, ನಿರ್ದೇಶಕ ಬೇಡವೇ ಬೇಡ ಎಂದನಂತೆ. ಅಲ್ಲಿಂದ ಪ್ರತಿ ಸಲವೂ ಆ ತಪ್ಪನ್ನು ಅಳತೆ ಹಿಡಿದು ಮಾಡಬೇಕಾಯಿತು. "ಸರಿಯಾಗಿ ಮಾಡೋದು ಸುಲಭ ಕಣೇ," ಎನ್ನುತ್ತಿದ್ದಳು ತಮ್ಮನ ಮಗಳಿಗೆ, "ಅದೇ ತಪ್ಪನ್ನ ಅಷ್ಟೇ ತಪ್ಪಾಗಿ ಮಾಡೋದಿದ್ಯಲ್ಲ, ಅದಕ್ಕೆ ಕೈ ಬೇಕು."

ಹೋದ ವರ್ಷ ಅವನು ಆತ್ಮಕಥೆ ಬರೆದ. ಬರೆದದ್ದು ಸಾಲದೆ ತಾನೇ ಓದಿ ಫೋನಿನಲ್ಲಿ ಕೇಳುವ ಹಾಗೆ ಮಾಡಿದ. ತಮ್ಮನ ಮಗಳು ಮಧ್ಯಾಹ್ನ ಕೆಲಸದ ಮಣೆಯ ಮೇಲೆ ಫೋನನ್ನು ಒರಗಿಸಿ ಇಡುತ್ತಿದ್ದಳು. ನನ್ನ ಅಂಗಡಿಗೂ ಚೆನ್ನಾಗಿ ಕೇಳುತ್ತಿತ್ತು. ದನಿಯೇನೋ ಬೆಲ್ಲದ ಪಾಕ. ನಗುವಲ್ಲಿ ನಗುತ್ತಾನೆ, ಗಂಟಲು ಕಟ್ಟುವಲ್ಲಿ ಕಟ್ಟಿಸಿಕೊಳ್ಳುತ್ತಾನೆ.

"ತಾಯಿ ಸತ್ತಿದ್ದನ್ನ ಹೇಳ್ತಾ ನೀರು ಕುಡಿದ ನೋಡು, ಗುಟುಕಿನ ಸದ್ದು ಬಂತು," ಎಂದಳು ಗಂಟಕ್ಕ.

"ಅತ್ತೆ, ಅದು ಅಳು ನುಂಗಿದ್ದು."

"ಹದಿನೆಂಟು ವರ್ಷ ಆ ಗಂಟಲನ್ನ ಕೈಯಳತೆಯಲ್ಲಿ ನೋಡಿದೀನಿ. ನೀರು."

ಇಷ್ಟೆಲ್ಲ ಕುಟುಕಿದರೂ ದಿನಾ ಮಧ್ಯಾಹ್ನ ಅವಳೇ ಮೊದಲು, "ಎಲ್ಲಿ, ಆ ಮಹಾಶಯನನ್ನ ಶುರುಮಾಡು" ಎನ್ನುತ್ತಿದ್ದಳು. ತನ್ನ ಹೆಸರು ಹೇಳಲಿ ಎಂಬ ಆಸೆ ಅವಳಿಗಿರಲಿಲ್ಲ. ಹೇಳದಿರಲಿ ಎಂಬುದೇ ಆಸೆ.

ಎಂಟು ಅಧ್ಯಾಯ ಹಾಗೇ ಹೋದವು. ಒಂಬತ್ತನೆಯದರಲ್ಲಿ ಅವನು ತನ್ನ ಕೂದಲಿಗೆ ಬಂದ. ಅದು ತನ್ನ ತಾಯಿ ಬಿಟ್ಟುಹೋದ ಆಸ್ತಿಯಂತೆ. ಹಣೆಯ ಕುಚ್ಚನ್ನು ಆಕೆಯೇ ಎಣ್ಣೆ ಹಚ್ಚಿ ಬೆರಳಲ್ಲಿ ಸುತ್ತಿ ಬಾಗಿಸಿದಳಂತೆ. ತಮ್ಮನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಟಕ್ಕ ನಗಲಿಲ್ಲ, ಸೂಜಿಯನ್ನೂ ನಿಲ್ಲಿಸಲಿಲ್ಲ.

ಆಮೇಲೆ ಅವನು ದನಿ ತಗ್ಗಿಸಿ, ಗೆಳೆಯನ ಹೆಗಲ ಮೇಲೆ ಕೈ ಹಾಕಿದವನಂತೆ, ಮುಂದುವರಿಸಿದ. ಒಂದೇ ಒಂದು ಸಲ, ಮುದುಕನ ಪಾತ್ರಕ್ಕೆ, ತನಗೆ ವಿಗ್ ಹಾಕಿದ್ದರಂತೆ. ಬಸ್ ನಿಲ್ದಾಣದ ಹಿಂದಿನ ಓಣಿಯ ಒಂದು ಕತ್ತಲೆ ಕೋಣೆ. ಮರದ ತಲೆಗಳೆಲ್ಲ ಮೇಷ್ಟರು ಶಿಕ್ಷೆ ಕೊಟ್ಟ ಮಕ್ಕಳ ಹಾಗೆ ಗೋಡೆಗೆ ಮುಖ ಮಾಡಿ ನಿಂತಿದ್ದವಂತೆ. ಅಲ್ಲಿನ ಹೆಂಗಸು ಕೊಟ್ಟ ವಿಗ್ಗನ್ನು ಹಾಕಿಕೊಂಡ ಮೂರನೇ ದಿನಕ್ಕೆ ತನ್ನ ತಲೆಯಲ್ಲಿ ಹೇನು ಸಂಸಾರ ಹೂಡಿದ್ದವಂತೆ. ಇಷ್ಟು ಹೇಳಿ ಅವನು ನಕ್ಕ. ಬಹಳ ಹೊತ್ತು ನಕ್ಕ.

ಸೂಜಿ ನಿಂತಿತು. "ಇನ್ನೊಂದ್ಸಲ ಹಾಕು," ಎಂದಳು ಗಂಟಕ್ಕ.

ತಮ್ಮನ ಮಗಳು ಮತ್ತೆ ಹಾಕಿದಳು. ಅವನು ಮತ್ತೆ ನಕ್ಕ.

"ರಕ್ತ ಇಲ್ಲದ ಕೂದಲಲ್ಲಿ ಹೇನು ಏನು ತಿನ್ನುತ್ತೆ, ಬಲೆಯನ್ನಾ? ಇದು ಗೊತ್ತಿಲ್ಲದವನು ಡಾಕ್ಟರು."

ಹೇನು ಬಂದದ್ದು ನಿಜ. ಅವನ ತಲೆಯಿಂದ ಬಂದದ್ದು. ಮಕ್ಕಳ ವಾರ್ಡಿನ ದೃಶ್ಯಕ್ಕೆಂದು ನಲವತ್ತು ಮಕ್ಕಳನ್ನು ಸೇರಿಸಿದ್ದರು, ಇವನು ಒಂದು ವಾರ ಅವರನ್ನು ಎತ್ತಿ ಮುದ್ದಾಡಿದ್ದ. ಕಿವಿಯ ಸುತ್ತ ಉಳಿದಿದ್ದ ಒಂದು ಹಿಡಿ ಸ್ವಂತ ಕೂದಲಲ್ಲಿ ಅವು ಸೇರಿಕೊಂಡವು. ಹಿಂಬಾಗಿಲಿನಿಂದ ಓಡಿಬಂದು, ಅಕ್ಕಾ ನನ್ನ ಮಾನ ಉಳಿಸು ಎಂದು ಮಣೆಯ ಮೇಲೆ ಕೂತ. ಮೂರು ಮಧ್ಯಾಹ್ನ ಗಂಟಕ್ಕ ಸೀಮೆಎಣ್ಣೆ ಹಚ್ಚಿ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿದಳು. ತಮ್ಮನ ಮಗಳು ಬಿಳಿ ಕಾಗದದ ಮೇಲೆ ಉಗುರಿನಿಂದ ಚಟ್ ಚಟ್ ಎಂದು ಮುಗಿಸಿದಳು. ಇಬ್ಬರೂ ಯಾರಿಗೂ ಹೇಳಲಿಲ್ಲ. ಈ ಒಂಬತ್ತನೇ ಅಧ್ಯಾಯದ ದಿನ ತಮ್ಮನ ಮಗಳು ಸಿಟ್ಟಿನಲ್ಲಿ ಬಾಯಿಬಿಡುವ ತನಕ, ಗೋಡೆ ಪಕ್ಕದ ನನಗೂ ಗೊತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ, ಇದನ್ನು ಬರೆಯಲಾ ಎಂದು ಗಂಟಕ್ಕನನ್ನು ಕೇಳಿದೆ. "ಅವನ ಹೆಸರೂ ಬೇಡ, ನನ್ನ ನಿಜವಾದ ಹೆಸರೂ ಬೇಡ, ಊರಿನದೂ ಬೇಡ. ಟಿವಿ ತುಂಬ ಡಾಕ್ಟರುಗಳೇ. ಆಮೇಲೆ ನಿಮ್ಮಿಷ್ಟ" ಎಂದಳು.

ಅವನೂ ಹೆಸರು ಹೇಳಿರಲಿಲ್ಲ. ಆದರೆ ಗೋಡೆಗೆ ಮುಖ ಮಾಡಿದ ತಲೆಗಳು ಇನ್ನೆಲ್ಲಿವೆ? ನಟರಿಗೆ ಬಣ್ಣ ಹಚ್ಚುವವರಿಗೆಲ್ಲ ಒಂದೇ ದಿನದಲ್ಲಿ ತಿಳಿದು, ಅವರ ಕಡೆಯಿಂದ ಕೆಲಸ ಬರುವುದು ನಿಂತಿತು. ಅದಕ್ಕಿಂತ ನೋವಿನ ಪೆಟ್ಟು ಇನ್ನೊಂದು ಕಡೆಯಿಂದ ಬಂತು. ಕ್ಯಾನ್ಸರ್ ಔಷಧಿಯ ಕಾವಿಗೆ ಕೂದಲೆಲ್ಲ ಉದುರಿದ ಹೆಂಗಸರನ್ನು ಒಬ್ಬ ನರ್ಸಮ್ಮ ಹತ್ತು ವರ್ಷದಿಂದ ಇವಳ ಹತ್ತಿರ ಕಳಿಸುತ್ತಿದ್ದಳು. ಅವರ ಕೆಲಸವನ್ನು ಗಂಟಕ್ಕ ಉಳಿದೆಲ್ಲದಕ್ಕಿಂತ ಮೊದಲು ಮಾಡುತ್ತಿದ್ದಳು. ಆ ನರ್ಸಮ್ಮ ಫೋನ್ ಮಾಡಿ, "ತಪ್ಪು ತಿಳ್ಕೋಬೇಡಿ ಅಕ್ಕ, ಅವರ ಮೈಯಲ್ಲಿ ತಡ್ಕೊಳ್ಳೋ ಶಕ್ತಿ ಇಲ್ಲ, ಹೆದರ್ತಾರೆ. ಸ್ವಲ್ಪ ದಿನ ಬೇಡ" ಎಂದಳು. ಎರಡು ದಿನಕ್ಕೆ, ಆ ಹೆಂಗಸರಲ್ಲಿ ಒಬ್ಬಳಿಗೆ ಕಟ್ಟಿಕೊಟ್ಟ ವಿಗ್ಗಿನ ಡಬ್ಬ ವಾಪಸ್ಸು ಬಂತು. ಮುಚ್ಚಳದ ಸುತ್ತ ನಾಲ್ಕು ಸುತ್ತು ಟೇಪು, ಒಳಗಿನಿಂದ ಹೇನು ಹರಿದು ಹೊರಬಂದೀತು ಎನ್ನುವ ಹಾಗೆ. ಗಂಟಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಟೇಪು ಬಿಡಿಸತೊಡಗಿದಳು.

"ಒಂದು ಮಾತು, ಅತ್ತೆ," ಎಂದಳು ತಮ್ಮನ ಮಗಳು. "ಹದಿನೆಂಟು ವರ್ಷದಿಂದ ಆ ತಲೆ ಇಲ್ಲೇ ತಯಾರಾಗ್ತಿದೆ ಅಂತ ಒಂದು ಮಾತು ಹೇಳಿ. ದಿಮ್ಮಿ ತೋರಿಸಿ. ಊರೇ ಬಾಯಿ ಮುಚ್ಕೊಳ್ಳುತ್ತೆ."

"ಹೇಳಿದ ಮೇಲೆ?"

"ನರ್ಸಮ್ಮ ಮತ್ತೆ ಕಳಿಸ್ತಾಳೆ."

"ಕಳಿಸ್ತಾಳೆ. ಬಂದು ಕೂತ ಹೆಂಗಸು, ಇವಳು ನಾಳೆ ನನ್ನ ವಿಷಯ ಯಾರ ಹತ್ತಿರ ಹೇಳ್ತಾಳೋ ಅಂತ ನನ್ನ ಮುಖವನ್ನೇ ನೋಡ್ತಿರ್ತಾಳೆ. ಹೇನಿನ ಅಂಗಡಿ ಅನ್ನಿಸ್ಕೊಂಡು ಬದುಕಬಹುದು, ಬಾಯಿ ಹರಕಿಯ ಅಂಗಡಿ ಅನ್ನಿಸ್ಕೊಂಡು ಬದುಕೋಕಾಗಲ್ಲ."

"ನಾನು ಹೇಳ್ತೀನಿ ಹಾಗಾದ್ರೆ."

"ಹೇಳು. ಹೇಳಿ, ಅಲ್ಲಿಂದ ಅಲ್ಲಿಗೇ ನಿನ್ನಪ್ಪನ ಮನೆಗೆ ಹೋಗು."

ಅವಳು ಹೇಳಲಿಲ್ಲ.

ಗಂಟಕ್ಕ ಪುಸ್ತಕವನ್ನು ಕೊನೆಯವರೆಗೂ ಕೇಳಿದಳು. ಕೊನೆಯಲ್ಲಿ ಅವನು ತನ್ನ ಏಳಿಗೆಗೆ ಕಾರಣರಾದವರಿಗೆಲ್ಲ ಕೃತಜ್ಞತೆ ಹೇಳಿದ. ಚಹಾ ಕೊಟ್ಟವನು, ಕಾರು ತೊಳೆದವನು, ಸತ್ತ ನಾಯಿ, ಯಾರನ್ನೂ ಬಿಡಲಿಲ್ಲ. "ನಾಯಿಗೆ ಹೇಳಿದ್ದು ಮಾತ್ರ ನಿಜ," ಎಂದು ಫೋನನ್ನು ಬೋರಲು ಹಾಕಿದಳು.

ಆರು ತಿಂಗಳ ಗಡುವು ಬಂತು. ಹೊಸ ವಿಗ್ ಒಯ್ಯಲು ಅವನು ಬರಲಿಲ್ಲ, ಕಾರ್ಯದರ್ಶಿಯನ್ನು ಕಳಿಸಿದ. ಬಿಳಿ ಶರ್ಟು, ಕೈಯಲ್ಲಿ ಹಣ್ಣಿನ ಬುಟ್ಟಿ. ಕೂರಲು ಹೇಳಲಿಲ್ಲ, ಆದರೂ ಕೂತ.

"ಅಮ್ಮಾ, ಸಾಹೇಬ್ರಿಗೆ ತುಂಬ ಬೇಜಾರಾಗಿದೆ. ಪುಸ್ತಕದವರು ಸ್ವಲ್ಪ ತಮಾಷೆ ಇರಲಿ ಅಂದ್ರು, ಅಷ್ಟೇ. ನಿಮ್ಮ ಮೇಲೆ ಅವರಿಗೆ ಎಷ್ಟು ಗೌರವ ಅಂದ್ರೆ..."

"ಗೌರವ ಒಂಬತ್ತನೇ ಅಧ್ಯಾಯದಲ್ಲಿ ಕೇಳಿಸ್ತು."

ಅವನು ಒಂದು ಕಾಗದ ತೆಗೆದ. ಸ್ಟುಡಿಯೋದೊಳಗೆ ಇವಳಿಗೆ ತಣ್ಣನೆ ಗಾಳಿಯ ಕೋಣೆ, ತಿಂಗಳು ತಿಂಗಳು ಸಂಬಳ, ಕೂತು ಕೂತು ಊದಿಕೊಂಡ ಅವಳ ಮೊಣಕಾಲಿಗೆ ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ. ಮುಂದಿನ ಮುದ್ರಣದಲ್ಲಿ ಓಣಿಯನ್ನೂ ಮರದ ತಲೆಗಳನ್ನೂ ತೆಗೆದುಹಾಕುತ್ತಾರೆ. ಇಷ್ಟಕ್ಕೂ ಬದಲಾಗಿ, ಸಾಹೇಬರ ಕೂದಲಿನ ವಿಷಯವನ್ನು ಎಲ್ಲೂ ಎತ್ತುವುದಿಲ್ಲ ಎಂದು ಒಂದು ಸಹಿ.

"ಮತ್ತೆ ಹೊಸದು ರೆಡಿ ಇದ್ಯಲ್ಲ? ಸೋಮವಾರ ಶೂಟಿಂಗ್."

"ರೆಡಿ ಇತ್ತು. ಬಿಚ್ಚಿದೆ."

"ಬಿಚ್ಚಿದ್ರಿ ಅಂದ್ರೆ?"

"ಒಂದೊಂದೇ ಗಂಟು ಬಿಚ್ಚಿದೆ. ಹನ್ನೊಂದು ದಿನ ಹಿಡೀತು. ಒಳ್ಳೇ ಕೂದಲು, ಹಾಳು ಮಾಡಬಾರದು. ತೊಳೆದು, ಬುಡ ಒಂದು ಕಡೆ ತುದಿ ಒಂದು ಕಡೆ ಮಾಡಿ ಕಟ್ಟಿಟ್ಟಿದೀನಿ. ನರ್ಸಮ್ಮ ಕಳಿಸಿದ ದಿನ ಯಾರಾದ್ರೂ ಹೆಣ್ಣುಮಗಳಿಗೆ ಆಗುತ್ತೆ."

ಕಾರ್ಯದರ್ಶಿ ಕಾಗದವನ್ನು ಅವಳ ಮುಂದಕ್ಕೆ ಸರಿಸಿದ. ಮೊದಲು ಬೇಡಿದ, ಆಮೇಲೆ ದನಿ ಏರಿಸಿದ. ಈ ವಯಸ್ಸಿನಲ್ಲಿ, ಈ ಕಾಲಿನಲ್ಲಿ, ಕೆಲಸ ಕೊಡುವವರೂ ಇಲ್ಲದೆ ಎಷ್ಟು ದಿನ ನಡೆಯುತ್ತೆ, ಸಹಾಯ ಅಂತ ಬಂದವರನ್ನು ಹೀಗೆ ತಳ್ಳಬಾರದು ಎಂದ. ನಾನು ಅಂಗಡಿ ಬಿಟ್ಟು ಬಾಗಿಲಿಗೆ ಬಂದು ನಿಂತೆ. ಗಂಟಕ್ಕ ನನಗೆ ಸುಮ್ಮನಿರಲು ಕೈ ಮಾಡಿ, ಅವನ ಕಡೆ ತಿರುಗಿದಳು.

"ನೋಡಪ್ಪ, ನಿಮ್ಮ ಸಾಹೇಬ್ರ ವಿಷಯ ನಾನು ಹದಿನೆಂಟು ವರ್ಷ ಹೇಳಲಿಲ್ಲ, ಇನ್ನೂ ಹೇಳಲ್ಲ. ಅದಕ್ಕೆ ಕಾಗದ ಬೇಕಿಲ್ಲ. ಸಹಿ ಹಾಕಿದ್ರೆ, ಇಷ್ಟು ದಿನ ಬಾಯಿ ಮುಚ್ಕೊಂಡಿದ್ದಕ್ಕೂ ಬೆಲೆ ತಗೊಂಡ ಹಾಗಾಗುತ್ತೆ. ತಣ್ಣನೆ ಗಾಳಿ ಅವರಿಗೇ ಇರಲಿ, ಇನ್ನು ಮೇಲೆ ನೆತ್ತಿಗೆ ಬೇಕಾಗುತ್ತೆ. ನನ್ನ ಕಾಲು ನನ್ನದು, ಕುಂಟ್ಕೊಂಡಾದ್ರೂ ಓಡಾಡ್ತೀನಿ. ಬುಟ್ಟಿ ತಗೊಂಡು ಎದ್ದೇಳು. ನಿಮ್ಮಿಂದ ನನಗೆ ಒಂದು ಎಳೆ ಸಹಾಯವೂ ಬೇಡ."