ಅತ್ತೆಯ ಬೆನ್ನು ಕೆಂಪಾದದ್ದು

ಕರೆಂಟಿನ ಮೆಷಿನ್ ಹಿಡಿದು ಊರಿನವರ ಬೆನ್ನು ಓದಲು ಕೂತವಳು ನಾನು. ಓದಿದ್ದೆಷ್ಟು, ತಿಳಿದದ್ದೆಷ್ಟು ಎಂದು ಈಗ ಯಾರಾದರೂ ಕೇಳಿದರೆ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ. ಆಗ ಹಾಗೇನೂ ಅನಿಸುತ್ತಿರಲಿಲ್ಲ.

ಕೊಯಮತ್ತೂರಿನಲ್ಲಿ ಆರು ಭಾನುವಾರ ತರಬೇತಿ ಪಡೆದು ಬಂದು, ಊಟಿ ಹತ್ತಿರದ ಕೆತ್ತಿಯಲ್ಲಿರುವ ನಮ್ಮ ಮನೆಯ ಮುಂಗೋಣೆಗೆ ಹಸಿರು ಪರದೆ ಕಟ್ಟಿ, ಗೋಡೆಗೆ ಮನುಷ್ಯನ ಬೆನ್ನಿನ ಚಿತ್ರ ಅಂಟಿಸಿದೆ. ಮೆಷಿನ್ ಟೀವಿ ರಿಮೋಟಿನಷ್ಟು. ಬೆನ್ನಿನ ಮೇಲೆ ಮೆಲ್ಲಗೆ ಎಳೆದರೆ ಸಣ್ಣಗೆ ಚುರುಗುಟ್ಟುತ್ತದೆ. ಎಲ್ಲಿ ಚರ್ಮ ಕೆಂಪೇರುತ್ತದೋ ಅಲ್ಲಿಗೆ ಸೇರಿದ ಒಳಗಿನ ಅಂಗಕ್ಕೆ ಕಾಯಿಲೆ ಎಂದು ನಮಗೆ ಕಲಿಸಿದ್ದರು. ಎಡ ಭುಜದ ಕೆಳಗೆ ಕೆಂಪಾದರೆ ಹೃದಯ, ಬಲಕ್ಕೆ ಲಿವರ್, ಸೊಂಟದ ಮೇಲಾದರೆ ಕಿಡ್ನಿ. ಬಸ್ಸಿನಲ್ಲಿ ಮುಂದೆ ನಿಂತವರ ಕುತ್ತಿಗೆಯನ್ನೂ ಎಲ್ಲಾದರೂ ಕೆಂಪಿದೆಯೇ ಎಂದು ನೋಡದೆ ನಾನು ಬಿಡುತ್ತಿರಲಿಲ್ಲ.

ಮೊದಲ ಪೇಶಂಟು ನಮ್ಮ ಅತ್ತೆ. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಬಂದವರು, ಎಪ್ಪತ್ತು ದಾಟಿದರೂ ಮನೆಯ ಕೆಳಗಿನ ಅರ್ಧ ಎಕರೆ ಟೀ ತೋಟದ ಎಲೆಯನ್ನು ತಾವೇ ಕೀಳುವವರು. ಆ ತೋಟಕ್ಕೆ ಇನ್ನೊಬ್ಬರ ಕೈ ತಾಗಿದರೆ ಅವರ ಮೈ ಉರಿಯುತ್ತಿತ್ತು. ಅಕ್ಕಪಕ್ಕದ ಹಟ್ಟಿಗಳ ಹೆಂಗಸರು ಬಾಗಿಲ ತುಂಬ ನಿಂತು ನೋಡುತ್ತಿದ್ದರು. ನಾನು ಮೇಲಿಂದ ಕೆಳಗೆ ಎಳೆದೆ, ಕೆಳಗಿಂದ ಮೇಲಕ್ಕೆ ಎಳೆದೆ. ಅತ್ತೆಯ ಬೆನ್ನು ಜಪ್ಪಯ್ಯ ಅನ್ನಲಿಲ್ಲ. "ಅಕ್ಕಾ, ಬ್ಯಾಟರಿ ಹಾಕಿದೀರಾ?" ಎಂದು ಒಬ್ಬಳು ಕೇಳಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಅಳು ಬಂತು. ಮುಂದಿನ ವಾರ ಬನ್ನಿ ಎಂದು ಹೆಂಗಸರನ್ನು ಕಳಿಸಿದೆ.

ಮುಂದಿನ ವಾರ ಅದೇ ಹೆಂಗಸರ ಎದುರಿಗೆ, ಅದೇ ಬೆನ್ನು. ಎಡ ಭುಜದ ಕೆಳಗೆ ಮೆಷಿನ್ ತಾಗಿದ್ದೇ ತಡ, ಕೆಂಪಗೆ ಕೆಂಡ! "ಅಯ್ಯಯ್ಯೋ!" ಎಂದರು ಬಾಗಿಲಲ್ಲಿದ್ದವರು. "ಹಾರ್ಟು," ಎಂದೆ ನಾನು, ಗಂಟಲು ಸರಿಮಾಡಿಕೊಂಡು. ಅತ್ತೆಗೆ ಹೃದಯದ ಕಾಯಿಲೆ ಎಂದು ಎಲ್ಲರೆದುರು ಹಿಗ್ಗಿದ ಸೊಸೆ ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ಸುದ್ದಿ ಕೇಳಿದ ನನ್ನ ಗಂಡ ಹೌಹಾರಿದರು. ತೋಟದ ಆ ಇಳಿಜಾರಿನಲ್ಲಿ ಬುಟ್ಟಿ ಹೊರುವುದು ಇನ್ನು ಬೇಡವೇ ಬೇಡ ಎಂದರು. ಊಟಿ ಆಸ್ಪತ್ರೆಗೆ ಕರೆದರೆ ಅತ್ತೆ "ಸೂಜಿ ಚುಚ್ತಾರೆ, ಬರಾಕಿಲ್ಲ" ಎಂದು ಕೂತುಬಿಟ್ಟರು. ನಾನೂ ಒತ್ತಾಯ ಮಾಡಲಿಲ್ಲ. ನನ್ನ ಮೆಷಿನ್ ಹೇಳಿದ ಮೇಲೆ ಇನ್ನೊಬ್ಬರ ಮಾತೇಕೆ? ಕೂಲಿಯವರು ತೋಟಕ್ಕಿಳಿದರು. ಅತ್ತೆ ಜಗಲಿಯಲ್ಲಿ ಕೂತು ಕೂಗುತ್ತಿದ್ದರು: "ಎರಡೆಲೆ ಒಂದು ಮೊಗ್ಗು ಕೀಳ್ರವ್ವಾ ಅಂದ್ರೆ ಕೊಂಬೆನೇ ಕಿತ್ತೀರಲ್ಲ! ನಿಮ್ಮ ಕೈ ಸೇದೋಗ!" ತಿಂಗಳಾಗುವಷ್ಟರಲ್ಲಿ ಕೂಗುವುದನ್ನೂ ನಿಲ್ಲಿಸಿದರು. ಸುಮ್ಮನೆ ನೋಡುತ್ತಿದ್ದರು. ಕೊನೆಗೆ ನನ್ನ ಗಂಡ ತೋಟವನ್ನು ಮೂರು ವರ್ಷಕ್ಕೆ ಗುತ್ತಿಗೆ ಕೊಡಲು ಮಾತಾಡಿದರು. ಶುಕ್ರವಾರ ಸಂಜೆ ಸಹಿ ಎಂದಾಯಿತು.

ಇತ್ತ ನನ್ನ ಕೋಣೆಯಲ್ಲಿ ಜಾತ್ರೆ. ಯಾರು ಬಂದರೂ ಕೆಂಪು, ಎಲ್ಲಿ ಮುಟ್ಟಿದರೂ ಕೆಂಪು. ಊರಿಗೆ ಊರೇ ಹೀಗೆ ಕೊಳೆತಿದೆಯಲ್ಲಾ ಎಂದು ಒಳಗೊಳಗೇ ಮರುಗುತ್ತಲೂ ಇದ್ದೆ, ಬೀಗುತ್ತಲೂ ಇದ್ದೆ.

ಬುಧವಾರ ಒಬ್ಬಾಕೆ ಬಂದು ಕೂತು ಕೇಳಿದಳು: "ಅಕ್ಕಾ, ಇವತ್ತು ಕಿಡ್ನಿ ನೋಡಿ. ಸೊಂಟಕ್ಕೆ ತೈಲ ಹಚ್ಕೊಂಡೇ ಬಂದಿದೀನಿ. ಇಷ್ಟು ಸಾಕಾ?"

"ಯಾವ ತೈಲ?"

"ಅದೇ, ನೀಲಗಿರಿ ತೈಲ. ನಿಮ್ಮತ್ತೆ ಹೇಳಿದ್ರಲ್ಲ, ನೋವಿರೋ ಕಡೆ ಚೆನ್ನಾಗಿ ತಿಕ್ಕೊಂಡು ಹೋಗಿ, ಇಲ್ದಿದ್ರೆ ಮೆಷಿನ್ ಮಾತಾಡಲ್ಲ ಅಂತ."

ನಮ್ಮ ಕಡೆ ನೆಗಡಿಗೂ ಅದೇ, ಮಂಡಿನೋವಿಗೂ ಅದೇ, ನೆಲ ಒರೆಸಲೂ ಅದೇ. ನನ್ನ ಕೋಣೆಯಲ್ಲೇ ಒಂದು ಬಟ್ಟಲು ಬಿಸಿನೀರಿಗೆ ನಾಲ್ಕು ಹನಿ ಬಿಟ್ಟು ಇಡುತ್ತಿದ್ದೆ. ವಾಸನೆ ಎಲ್ಲಿಂದ ಗೊತ್ತಾಗಬೇಕು? ಆ ತೈಲ ತಿಕ್ಕಿದ ಚರ್ಮದ ಮೇಲೆ ಕರೆಂಟು ಎಳೆದರೆ ಕೆಂಪಾಗದೆ ಹಸಿರಾಗುತ್ತದೆಯೇ?

ಉರಿದುಕೊಂಡು ಜಗಲಿಗೆ ಹೋದೆ. "ನನ್ನ ಮಾನ ಹರಾಜು ಹಾಕಿದಿರಲ್ಲ ಅತ್ತೆ!"

ಅತ್ತೆ ತಲೆ ಎತ್ತಲಿಲ್ಲ. "ಅವತ್ತು ಆ ಹೆಂಗಸ್ರು ಹಲ್ಲು ಕಿರಿತಿದ್ರಲ್ಲ, ನಿನ್ ಮಕ ನೋಡಕ್ಕಾಗ್ನಿಲ್ಲ ಕನವ್ವ. ಒಸಿ ತಿಕ್ಕಂಡೆ. ವಾಯು-ಗೀಯು ಅಂತೀಯಾ ಅನ್ಕಂಡಿದ್ದೆ. ನೀನು ನೋಡುದ್ರೆ ಸೀದಾ ಹೃದಯಕ್ಕೇ ಕೈ ಹಾಕ್ಬುಟ್ಟೆ!"

"ಊರವರಿಗೂ ಹೇಳಿಕೊಟ್ಟಿದ್ದು?"

"ನನ್ನೊಬ್ಳಿಗೇ ಕೆಂಪಾದ್ರೆ ಜನ ನಂಬ್ತಾರಾ?"

"ತೋಟ ಹೋಗುತ್ತಿದೆ. ಈಗಲಾದರೂ ಬಾಯಿ ಬಿಡಬಾರದಿತ್ತಾ?"

"ಬಾಯಿ ಬುಟ್ರೆ ನಿನ್ ಕೆಲ್ಸ ಹೋಯ್ತದೆ. ತೋಟ ಮೂರೊರ್ಸಕ್ಕೆ ವಾಪಸ್ ಬತ್ತದೆ, ಬುಡು."

ನನ್ನ ಕೋಪವೆಲ್ಲ ಜರ್ರನೆ ಇಳಿದುಹೋಯಿತು. ಎಪ್ಪತ್ತು ದಾಟಿದವರಿಗೆ ಮೂರು ವರ್ಷ ಎಂದರೆ ಏನು ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರ ಪಕ್ಕ ಕೂತು ಅತ್ತುಬಿಟ್ಟೆ. ಅವರು, "ಥೂ, ಸುಮ್ಕಿರು, ಜನ ನೋಡ್ತಾರೆ" ಎಂದು ಗದರಿದರು.

ಮಾರನೆಯ ದಿನ ಎಳೆದುಕೊಂಡೇ ಊಟಿಗೆ ಹೋಗಿ ಇಸಿಜಿ ತೆಗೆಸಿದೆ. ಹೃದಯಕ್ಕೆ ಏನೂ ಆಗಿಲ್ಲ, ಆರಾಮವಾಗಿ ಓಡಾಡಲಿ ಎಂದರು ಡಾಕ್ಟರು. ದಾರಿಯುದ್ದಕ್ಕೂ ಅತ್ತೆಯದು ಒಂದೇ ಮಾತು: "ಗುಳಿಗೆ ತಕಂಡು ವಾಸಿ ಆಯ್ತು ಅಂತ ಹೇಳು. ತೈಲದ ಸುದ್ದಿ ಎತ್ಬ್ಯಾಡ."

ಶುಕ್ರವಾರ ಸಂಜೆ ಗುತ್ತಿಗೆಯವರು ಬಂದರು. ನೋಡಲು ಎಂದು ನಾಲ್ಕು ಜನ ಹೆಂಗಸರೂ ಬಂದರು. ನಾನು ಇಸಿಜಿ ಕಾಗದವನ್ನು ಕರಾರುಪತ್ರದ ಮೇಲಿಟ್ಟೆ. ನನ್ನ ಗಂಡ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹಾಗಾದರೆ ಆ ಕೆಂಪು?" ಎಂದು ಕೇಳಿದರು. ಬಾಗಿಲ ಹತ್ತಿರ ನಿಂತಿದ್ದ ಅತ್ತೆ, ಬೇಡ ಬೇಡ ಎಂದು ನನಗೆ ಕಣ್ಸನ್ನೆ ಮಾಡುತ್ತಿದ್ದರು.

"ನೀಲಗಿರಿ ತೈಲ," ಎಂದೆ. "ಅತ್ತೆಗೆ ಮಾತ್ರ ಅಲ್ಲ, ಇಡೀ ಊರಿಗೇ. ನನಗೆ ಬೆನ್ನು ಓದಲು ಬರಲ್ಲ."

ಗುತ್ತಿಗೆಯವರು ಕಾಗದ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಗಸರಂತೂ ನಗುತ್ತ ಒಬ್ಬರ ಮೇಲೊಬ್ಬರು ಬಿದ್ದರು. ನಾನು ತಲೆ ತಗ್ಗಿಸಿ ನಿಂತೆ. ಆ ನಗುವೆಲ್ಲ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಅತ್ತೆ ಇರಲಿಲ್ಲ. ಬುಟ್ಟಿ ಬೆನ್ನಿಗೇರಿಸಿಕೊಂಡು ಆಗಲೇ ಅರ್ಧ ಇಳಿಜಾರು ಇಳಿದಿದ್ದರು.